ಮಳೆಗಾಲಕ್ಕೆ ಪವರ್ ಬ್ಯಾಂಕ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಲೆಕ್ಕ



ಮಳೆ ಹಿಡಿಯುವ ಮುನ್ನ ನಾವೆಲ್ಲರೂ ಮಾಡಿಕೊಳ್ಳುವ ಸಿದ್ಧತೆಗಳು ಹೊಸವೇನಲ್ಲ. ಸೌದೆ ಕೊಟ್ಟಿಗೆ ಸೇರಬೇಕು. ಮೈಲುತುತ್ತ, ಸುಣ್ಣ ಮನೆಗೆ ಬಂದಿರಬೇಕು. ತೋಟದ ಬಸಿಗಾಲುವೆ ಬಿಡಿಸಿರಬೇಕು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ವಸ್ತು ಸೇರಿಕೊಂಡಿದೆ. ಅದೇ ಪವರ್ ಬ್ಯಾಂಕ್. ಕಾಫಿ, ಅಡಿಕೆಯ ವಿಷಯ ಬರುವ ಈ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ಇಂದು ಮಳೆಯ ಮುನ್ಸೂಚನೆ, ಮಾರುಕಟ್ಟೆಯ ದರ, ಬ್ಯಾಂಕಿನ ಒಟಿಪಿ, ಆಳುಗಳ ಸಂಬಳ, 108ಕ್ಕೆ ಮಾಡುವ ಕರೆ ಎಲ್ಲವೂ ಫೋನಿನಲ್ಲೇ ಆಗಬೇಕು. ಕರೆಂಟು ಹೋಗಿ ಫೋನು ಸತ್ತರೆ ಮನೆ ದ್ವೀಪವಾದಂತೆಯೇ.

ನಾವೇ ಮಾಡಿದ ತಪ್ಪಿನಿಂದ ಈ ಪಾಠವನ್ನು ಆರಂಭಿಸುತ್ತೇವೆ.

ನಮ್ಮ ಮನೆಯಲ್ಲಿ ಆದದ್ದು

ಕಳೆದ ವರ್ಷ ಜಾತ್ರೆಗೆ ಹೋದಾಗ ರಸ್ತೆಬದಿಯ ಅಂಗಡಿಯೊಂದರಲ್ಲಿ ಪವರ್ ಬ್ಯಾಂಕ್ ಕೊಂಡೆವು. ಮೇಲೆ 20,000 ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು, ಬೆಲೆಯೂ ಅಗ್ಗ. ರಸೀತಿ ಕೇಳಲಿಲ್ಲ, ಕೊಡಲೂ ಇಲ್ಲ. ಪುನರ್ವಸು ಮಳೆಯ ಗಾಳಿಗೆ ಮರ ಉರುಳಿ ಲೈನು ತುಂಡಾಯಿತು. ಮೂರು ದಿನ ಕರೆಂಟಿಲ್ಲ. ಎರಡನೆಯ ರಾತ್ರಿ ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಾಯಿತು. ನಾಲ್ಕು ಸಲ ಫೋನು ತುಂಬಿಸುತ್ತದೆಂದು ನಾವು ನಂಬಿದ್ದ ಪೆಟ್ಟಿಗೆ ಒಂದೇ ಸಲಕ್ಕೆ, ಅದೂ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ಹಿಂದಿನ ದಿನವೇ ಬರಿದಾಗಿತ್ತು. ಮಗ ಟಾರ್ಚು ಹಿಡಿದು, ಕಂಬಳಿ ಕೊಪ್ಪೆ ಹಾಕಿಕೊಂಡು, ಹಳ್ಳದ ಆಚೆಯ ಮನೆಗೆ ನಡೆದು ಹೋಗಿ ಜೀಪು ಕರೆತಂದ. ದೇವರ ದಯೆ, ತಾಯಿ ಉಳಿದರು.

ಮಳೆ ಬಿಟ್ಟ ಮೇಲೆ ಆ ಪೆಟ್ಟಿಗೆಯನ್ನು ಸಂಘದ ಸಣ್ಣ ತಕ್ಕಡಿಯಲ್ಲಿ ತೂಗಿದೆವು. 150 ಗ್ರಾಂ ಇತ್ತು. ಫೋನು ರಿಪೇರಿಯವರು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಎರಡು ಸೆಲ್ಲು. ಉಳಿದ ಜಾಗ ಖಾಲಿ. ಗೊಬ್ಬರದ ಚೀಲವನ್ನು ತೂಗದೆ ಒಳಗೆ ಬಿಡದ ನಾವು ಇದನ್ನು ತೂಗದೆ ಕೊಂಡಿದ್ದೆವು.

ಚೆರಿ ತೂಕ ಬೇರೆ, ಔಟ್‌ಟರ್ನ್ ಬೇರೆ

ಪವರ್ ಬ್ಯಾಂಕಿನ ಮೇಲೆ 10,000 ಅಥವಾ 20,000 ಎಂದು ಬರೆದಿರುವುದು ಮಿಲಿ ಆಂಪಿಯರ್ ಗಂಟೆಯ ಲೆಕ್ಕ. ಇದನ್ನು ನೋಡಿ 5,000ದ ಫೋನು ಎರಡು ಸಲ, ನಾಲ್ಕು ಸಲ ತುಂಬುತ್ತದೆಂದು ಎಲ್ಲರೂ ಭಾಗಿಸುತ್ತಾರೆ. ಈ ಭಾಗಾಕಾರವೇ ತಪ್ಪು.

ರೊಬಸ್ಟಾ ಚೆರಿ ಮಾರುವಾಗ ವ್ಯಾಪಾರಿ 50 ಕಿಲೋ ಚೀಲಕ್ಕೆ ಔಟ್‌ಟರ್ನ್ ಎಷ್ಟು ಎಂದು ಕೇಳುತ್ತಾನಲ್ಲವೆ? ಚೀಲದ ತೂಕವೆಲ್ಲ ಬೀಜವಲ್ಲ. ಹಸಿ ಅಡಿಕೆಯ ತೂಕವೆಲ್ಲ ಒಣ ಅಡಿಕೆಯಲ್ಲ. ಇಲ್ಲಿಯೂ ಹಾಗೆಯೇ.

ಒಳಗಿನ ಲಿಥಿಯಂ ಸೆಲ್ಲಿನ ಒತ್ತಡ ಸುಮಾರು 3.7 ವೋಲ್ಟ್. ಯುಎಸ್‌ಬಿ ತೂತಿನಿಂದ ಸಾಮಾನ್ಯವಾಗಿ ಹೊರಬರುವುದು 5 ವೋಲ್ಟ್. ಪಂಪಿನ ಭಾಷೆಯಲ್ಲಿ ಹೇಳುವುದಾದರೆ ವೋಲ್ಟ್ ಎಂದರೆ ನೀರಿನ ಒತ್ತಡ, ಆಂಪಿಯರ್ ಎಂದರೆ ಹರಿವು. ಒತ್ತಡ ಹೆಚ್ಚಿಸಿದರೆ ಹರಿವು ಕಡಿಮೆಯಾಗಲೇಬೇಕು. ಆದ್ದರಿಂದ ಎರಡನ್ನೂ ಗುಣಿಸಿದ ವ್ಯಾಟ್ ಗಂಟೆಯ ಲೆಕ್ಕವೇ ಸರಿಯಾದದ್ದು. ಮನೆಯ ಮೀಟರಿನ ಒಂದು ಯೂನಿಟ್ ಎಂದರೆ 1,000 ವ್ಯಾಟ್ ಗಂಟೆ. ಅದೇ ಅಳತೆ ಇಲ್ಲಿಯೂ.

10,000 ಮಿಲಿ ಆಂಪಿಯರ್ ಗಂಟೆ ಎಂದರೆ 10 ಆಂಪಿಯರ್ ಗಂಟೆ. 10 × 3.7 = 37 ವ್ಯಾಟ್ ಗಂಟೆ. ಒತ್ತಡ ಬದಲಿಸುವಾಗ, ವೈರಿನಲ್ಲಿ ಹರಿಯುವಾಗ, ಫೋನಿನ ಒಳಗೆ ಸೇರುವಾಗ ಐದರಲ್ಲಿ ಒಂದು ಪಾಲು ಶಾಖವಾಗಿ ಹೋಯಿತೆಂದು ಇಟ್ಟುಕೊಳ್ಳೋಣ. ಫೋನಿಗೆ ಸಿಕ್ಕುವುದು ಸುಮಾರು 30. 5,000ದ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್ ಗಂಟೆಯದು. ಅಂದರೆ,

10,000ದ ಪವರ್ ಬ್ಯಾಂಕಿನಿಂದ ಇಂಥ ಫೋನು ಸುಮಾರು ಒಂದೂವರೆ ಸಲ ತುಂಬುತ್ತದೆ.

20,000ದಿಂದ (74 ವ್ಯಾಟ್ ಗಂಟೆ) ಸುಮಾರು ಮೂರು ಸಲ ತುಂಬುತ್ತದೆ.

ಪ್ರಾಮಾಣಿಕ ತಯಾರಕರು ಸಣ್ಣ ಅಕ್ಷರದಲ್ಲಿ 5 ವೋಲ್ಟ್‌ನಲ್ಲಿ ನಿಜವಾಗಿ ಸಿಕ್ಕುವ ಸಾಮರ್ಥ್ಯವನ್ನೂ ಮುದ್ರಿಸಿರುತ್ತಾರೆ. 10,000ದ ಪೆಟ್ಟಿಗೆಗೆ ಅದು ಸುಮಾರು 6,000 ಎಂದಿದ್ದರೆ ಮೋಸವೆಂದು ತಿಳಿಯಬೇಡಿ. ನಿಜ ಹೇಳುತ್ತಿದ್ದಾರೆಂದು ತಿಳಿಯಿರಿ.

ನಿಮ್ಮ ಮನೆಗೆ ಎಷ್ಟು ಬೇಕು?

ಮೂರು ದಿನ ಕರೆಂಟಿಲ್ಲದ ಲೆಕ್ಕ ಹಾಕೋಣ. ಮನೆಯಲ್ಲಿ ಎರಡು ದೊಡ್ಡ ಫೋನು. ದಿನಕ್ಕೆ ಒಮ್ಮೆ ಪೂರ್ತಿ ತುಂಬಿಸಿದರೆ 2 × 19 × 3 = 114 ವ್ಯಾಟ್ ಗಂಟೆ ಬೇಕು. ವೀಡಿಯೋ ನೋಡದೆ ಕರೆಗೆ ಮತ್ತು ಸುದ್ದಿಗೆ ಮಾತ್ರ ಬಳಸಿದರೆ ಅರ್ಧ ಸಾಕು. ಅಂದರೆ 57. 10,000ದ ಎರಡು ಪವರ್ ಬ್ಯಾಂಕುಗಳು ಸುಮಾರು 60 ಕೊಡುತ್ತವೆ. ಲೆಕ್ಕ ಸರಿಹೋಯಿತು.

20,000ದ ಒಂದಕ್ಕಿಂತ 10,000ದ ಎರಡು ವಾಸಿ ಎಂಬುದು ನಮ್ಮ ಅಭಿಪ್ರಾಯ. ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಒಂದು ತೋಟಕ್ಕೆ ಹೋದರೆ ಇನ್ನೊಂದು ಮನೆಯಲ್ಲಿರುತ್ತದೆ. ಮನೆಯ ಹಿರಿಯರಿಗೆ ಗುಂಡಿ ಒತ್ತುವ ಸಾದಾ ಫೋನು ಕೊಡಿಸುವುದೂ ಒಳ್ಳೆಯದು. ಅದರ ಬ್ಯಾಟರಿ 4 ವ್ಯಾಟ್ ಗಂಟೆಯ ಆಸುಪಾಸಿನದು, ಆದರೆ ಹಲವು ದಿನ ಬಾಳುತ್ತದೆ.

ಕೊಡುವ ವೇಗಕ್ಕಿಂತ ತುಂಬುವ ವೇಗ ಮುಖ್ಯ

ಪಟ್ಟಣದವರು ಪವರ್ ಬ್ಯಾಂಕು ಫೋನನ್ನು ಎಷ್ಟು ಬೇಗ ತುಂಬಿಸುತ್ತದೆ ಎಂದು ಕೇಳುತ್ತಾರೆ. ನಾವು ಕೇಳಬೇಕಾದದ್ದು ಪವರ್ ಬ್ಯಾಂಕೇ ಎಷ್ಟು ಬೇಗ ತುಂಬುತ್ತದೆ ಎಂದು. ಮಳೆಗಾಲದಲ್ಲಿ ಕರೆಂಟು ಬಂದರೆ ಎರಡು ಮೂರು ಗಂಟೆ ಇರುತ್ತದೆ, ಮತ್ತೆ ಹೋಗುತ್ತದೆ. ಹಳೆಯ 5 ವ್ಯಾಟಿನ ಚಾರ್ಜರಿನಲ್ಲಿ 10,000ದ ಪೆಟ್ಟಿಗೆ ತುಂಬಲು ಹೆಚ್ಚುಕಡಿಮೆ ಒಂಬತ್ತು ಗಂಟೆ ಬೇಕು. 18 ವ್ಯಾಟ್ ತೆಗೆದುಕೊಳ್ಳಬಲ್ಲ ಪೆಟ್ಟಿಗೆಗೆ 18 ವ್ಯಾಟಿನ ಹೊಂದುವ ಚಾರ್ಜರ್ ಹಾಕಿದರೆ ಮೂರು ಗಂಟೆಯೊಳಗೆ ಬಹುಪಾಲು ತುಂಬುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಇನ್‌ಪುಟ್ ಎಂಬಲ್ಲಿ ಬರೆದ ವ್ಯಾಟ್ ನೋಡಿ. 18 ಅಥವಾ ಅದಕ್ಕೆ ಮೇಲಿರಲಿ. ಟೈಪ್ ಸಿ ತೂತು ಇರಲಿ. ಚಾರ್ಜರ್ ಮತ್ತು ವೈರು ಅದಕ್ಕೆ ತಕ್ಕದ್ದಿರಲಿ. ಬಡಕಲು ವೈರಿನಲ್ಲಿ ಒಳ್ಳೆಯ ಪೆಟ್ಟಿಗೆಯೂ ತುಂಬುವುದಿಲ್ಲ. ಜೀಪು, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಚಾರ್ಜರ್ ಒಂದಿದ್ದರೆ ಆಪತ್ಕಾಲಕ್ಕೆ ಆಯಿತು.

ಮೇಲೆ ಸೌರ ಫಲಕ ಅಂಟಿಸಿದ ಪವರ್ ಬ್ಯಾಂಕುಗಳೂ ಮಾರಾಟಕ್ಕಿವೆ. ಅಂಗೈ ಅಗಲದ ಫಲಕ ಕೊಡುವುದು ಒಂದೂವರೆ ವ್ಯಾಟಿನ ಆಸುಪಾಸು. 37 ವ್ಯಾಟ್ ಗಂಟೆ ತುಂಬಲು ಐದಾರು ದಿನದ ಚುರುಕು ಬಿಸಿಲು ಬೇಕು. ಆಷಾಢದಲ್ಲಿ ಆ ಬಿಸಿಲನ್ನು ಎಲ್ಲಿಂದ ತರೋಣ? ಬಿಸಿಲಿದ್ದಾಗ ಕಣದಲ್ಲಿ ಕಾಫಿಯ ಜೊತೆ ಒಣಗಲು ಇಟ್ಟರೆ ಸೆಲ್ಲೇ ಹಾಳಾಗುತ್ತದೆ.

ನಕಲಿಯನ್ನು ಗುರುತಿಸುವುದು

1. ತೂಗಿ ನೋಡಿ. ಸಾಮಾನ್ಯ ಬಳಕೆಯ ದುಂಡು ಸೆಲ್ಲು ಒಂದಕ್ಕೆ ಸುಮಾರು 45 ಗ್ರಾಂ ತೂಕ. ಒಳ್ಳೆಯದು ಹಿಡಿಯುವುದು ಸುಮಾರು 3,500 ಮಾತ್ರ. 20,000ಕ್ಕೆ ಕಡಿಮೆಯೆಂದರೆ ಆರು ಸೆಲ್ಲು ಬೇಕು. ಸೆಲ್ಲಿನ ತೂಕವೇ 270 ಗ್ರಾಂ ಆಯಿತು. ಪೆಟ್ಟಿಗೆ ಸೇರಿ ಸಾಮಾನ್ಯವಾಗಿ 350 ಗ್ರಾಮಿಗೆ ಮೇಲಿರುತ್ತದೆ. 10,000ದ್ದು 200 ಗ್ರಾಂ ಆಸುಪಾಸು. ಬಹಳ ಹಗುರವಾಗಿದ್ದರೆ ಮೋಸವಿರಬಹುದೆಂದು ಶಂಕಿಸಿ. ಆದರೆ ಭಾರವಾಗಿದ್ದ ಮಾತ್ರಕ್ಕೆ ಅಸಲಿಯಲ್ಲ. ಅಡಿಕೆ ಚೀಲದಲ್ಲಿ ಕಲ್ಲು ಸೇರಿಸುವವರಿದ್ದಂತೆ ಇದರಲ್ಲಿ ಮರಳು ತುಂಬುವವರೂ ಇದ್ದಾರೆ.

2. ನೋಂದಣಿ ಸಂಖ್ಯೆ ನೋಡಿ. ನಮ್ಮ ದೇಶದಲ್ಲಿ ಪವರ್ ಬ್ಯಾಂಕಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ಮಾನಕ ಸಂಖ್ಯೆಯೂ 'ಆರ್' ಅಕ್ಷರದ ಮುಂದೆ ಎಂಟು ಅಂಕಿಗಳೂ ಇರಬೇಕು. 'ಬಿಐಎಸ್ ಕೇರ್' ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗಬೇಕು.

3. ರಸೀತಿ ಪಡೆಯಿರಿ. ವಾರಂಟಿ ಎಷ್ಟು ತಿಂಗಳೆಂದು ಬರೆಸಿಕೊಳ್ಳಿ. ರಸೀತಿ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಿಲ್ಲದ ನಾವು ಯಾರನ್ನೂ ಕೇಳುವಂತಿರಲಿಲ್ಲ.

4. ಮೊದಲ ವಾರದಲ್ಲೇ ಪರೀಕ್ಷಿಸಿ. ಪೂರ್ತಿ ತುಂಬಿಸಿ, ಫೋನು ಎಷ್ಟು ಸಲ ತುಂಬುತ್ತದೆಂದು ಬರೆದಿಡಿ. ಮೇಲೆ ಹೇಳಿದ ಒಂದೂವರೆ, ಮೂರರ ಲೆಕ್ಕಕ್ಕೆ ಬಹಳ ಕಡಿಮೆ ಬಂದರೆ ಹಿಂದಿರುಗಿಸಿ. ಕೊಳೆರೋಗ ಹತ್ತಿದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವಿಲ್ಲ. ಕರೆಂಟು ಹೋದ ಮೇಲೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ಬೆಂಕಿಯ ಎಚ್ಚರಿಕೆ

ಸಣ್ಣ ಪೆಟ್ಟಿಗೆಯೆಂದು ಉದಾಸೀನ ಬೇಡ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮುನ್ನವೇ ಹೊತ್ತಿ ಉರಿಯಿತು. ಒಳಗಿದ್ದ 176 ಮಂದಿಯೂ ಪಾರಾದರು. ಪವರ್ ಬ್ಯಾಂಕಿನಿಂದ ಬೆಂಕಿ ಹತ್ತಿರಬಹುದೆಂದು ತನಿಖೆಯವರು ಹೇಳಿದರು. ಅದೇ ವರ್ಷ ಜೂನಿನಲ್ಲಿ ಅಮೆರಿಕದಲ್ಲಿ ಹೆಸರಾಂತ ಕಂಪನಿಯೊಂದು 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ವಾಪಸು ಕರೆಯಿತು. ಹೆಸರಾಂತರ ಮಾಲಿನಲ್ಲೇ ದೋಷ ಬರುವುದಾದರೆ ಹೆಸರಿಲ್ಲದ್ದರ ಗತಿ ಹೇಳಬೇಕಿಲ್ಲ.

ನಮ್ಮ ಮನೆಗಳಲ್ಲಿ ವಿಶೇಷವಾಗಿ ನೆನಪಿಡಬೇಕಾದವು ಇವು. ಥಂಡಿ ತಾಗಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಶಾಖವೇ ಲಿಥಿಯಂ ಸೆಲ್ಲಿನ ಶತ್ರು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಹಾಸಿಗೆ, ಕಂಬಳಿಯ ಮೇಲೆ ಇಟ್ಟು ಚಾರ್ಜು ಮಾಡಬೇಡಿ. ಗುಡುಗು ಸಿಡಿಲು ಇರುವಾಗ ಗೋಡೆಯಿಂದ ಕಳಚಿಡಿ. ತೂತು ನೆನೆದಿದ್ದರೆ ಪೂರ್ತಿ ಒಣಗುವವರೆಗೆ ವೈರು ಚುಚ್ಚಬೇಡಿ. ಉಬ್ಬಿದ, ಜಜ್ಜಿದ, ವಾಸನೆ ಬರುವ ಪೆಟ್ಟಿಗೆಯನ್ನು ಆ ಕ್ಷಣದಿಂದಲೇ ಬಳಸಬೇಡಿ.

ಹೊಗೆ ಕಂಡರೆ ಮೊದಲು ಮೇನ್ ಸ್ವಿಚ್ಚು ಆರಿಸಿ, ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕಳುಹಿಸಿ. ಬರಿಗೈಯಲ್ಲಿ ಮುಟ್ಟಬೇಡಿ. ದೂರದಿಂದ ಧಾರಾಳ ನೀರು ಸುರಿದು ತಣಿಸಿ. ಹೊಗೆ ವಿಷಪೂರಿತ, ಉಸಿರಾಡಬಾರದು. ಕೈಮೀರಿದರೆ 112ಕ್ಕೆ ಕರೆ ಮಾಡಿ. ಹಳೆಯದನ್ನು ಬಚ್ಚಲ ಒಲೆಗೆ ಹಾಕುವುದು, ಗೊಬ್ಬರದ ಗುಂಡಿಗೆ ಎಸೆಯುವುದು ಎರಡೂ ಅಪಾಯ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅಂಗಡಿಯಲ್ಲಿ ಕೇಳಿ.

ವಿಮಾನದಲ್ಲಿ ಮಕ್ಕಳ ಮನೆಗೆ ಹೋಗುವವರು ಇದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್ ಗಂಟೆ. 20,000ದ್ದು 74 ಆದ್ದರಿಂದ ಮಿತಿಯೊಳಗಿದೆ.

ಪವರ್ ಬ್ಯಾಂಕಿನಿಂದ ಆಗದ ಕೆಲಸ

ಊರಿನ ಟವರಿನ ಬ್ಯಾಟರಿಯೇ ಮುಗಿದರೆ ಫೋನು ತುಂಬಿದ್ದರೂ ಸಿಗ್ನಲ್ ಇರುವುದಿಲ್ಲ. ಆಗ ಟವರ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಬೇಗ ಕರಗುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟು ಗಂಟೆಗೊಮ್ಮೆ ತೆರೆದು ನೋಡುವುದು ಲೇಸು. ಮನೆಗೆ ಫೈಬರ್ ಇಂಟರ್ನೆಟ್ ಇದ್ದವರು ವೈಫೈ ಮೂಲಕ ಕರೆ ಮಾಡಬಹುದು, ಆದರೆ ಅದರ ಪೆಟ್ಟಿಗೆಗೆ ಸಾಮಾನ್ಯವಾಗಿ 12 ವೋಲ್ಟ್ ಬೇಕು. 5 ವೋಲ್ಟಿನ ಪವರ್ ಬ್ಯಾಂಕು ನೇರವಾಗಿ ಅದನ್ನು ನಡೆಸದು. ಅದಕ್ಕೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ.

ಇಷ್ಟು ಜೋಪಾನ ಮಾಡಿದರೂ ಇದು ಶಾಶ್ವತವಲ್ಲ. ಸಾಮಾನ್ಯವಾಗಿ 300ರಿಂದ 500 ಸಲ ತುಂಬಿ ಬರಿದಾದ ಮೇಲೆ ಹಿಡಿತ ಕುಗ್ಗುತ್ತದೆ. ಬೇಸಿಗೆಯಲ್ಲಿ ಬಳಸದಿದ್ದಾಗ ಅರ್ಧ ತುಂಬಿಸಿಟ್ಟು ಮೂರು ತಿಂಗಳಿಗೊಮ್ಮೆ ನೋಡಿ. ಮೃಗಶಿರ ಮಳೆಗೆ ಮುಂಚೆ ಪೂರ್ತಿ ತುಂಬಿಸಿ.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿರುವ ಪವರ್ ಬ್ಯಾಂಕನ್ನು ಮುಂದಿನ ಸಲ ಸಂಘಕ್ಕೆ ಬರುವಾಗ ತನ್ನಿ. ತೂಗಿ ನೋಡಿ, ನೋಂದಣಿ ಸಂಖ್ಯೆಯನ್ನು ತಾಳೆ ನೋಡಿ ಹೇಳುತ್ತೇವೆ. ಇದಕ್ಕೆ ಶುಲ್ಕವಿಲ್ಲ. ನಮಗೆ ಆ ರಾತ್ರಿ ಕಲಿಸಿದ ಪಾಠವನ್ನು ನೀವು ಹಗಲಿನಲ್ಲೇ, ಮಳೆಗೆ ಮುಂಚೆಯೇ ಕಲಿಯಿರಿ ಎಂಬುದಷ್ಟೆ ನಮ್ಮ ಆಶಯ.

— ಕಾರ್ಯದರ್ಶಿ