ಜೆಸಿಬಿ ಬರುವ ಮೊದಲು: ಹಳೇ ಮನೆಯಲ್ಲಿ ಮರುಬಳಕೆಗೆ ಸಿಗುವುದೆಷ್ಟು? ಹಂತ ಹಂತವಾಗಿ ಲೆಕ್ಕ

ಹಳೇ ಮನೆ ಒಡೆಸಿ ಹೊಸದು ಕಟ್ಟಲು ಹೊರಟವರು ಸಾಮಾನ್ಯವಾಗಿ ಗುತ್ತಿಗೆದಾರನೊಬ್ಬನನ್ನು ಕರೆದು ಒಟ್ಟು ಮೊತ್ತಕ್ಕೆ ಮಾತಾಡಿ ಮುಗಿಸುತ್ತಾರೆ. ಬಾಗಿಲು, ಕಬ್ಬಿಣ ಅವನ ಪಾಲು. ಉಳಿದದ್ದು ಟಿಪ್ಪರ್ ಹತ್ತಿ, ಎಷ್ಟೋ ಸಲ ಕೆರೆಯಂಗಳಕ್ಕೋ ರಾಜಕಾಲುವೆ ದಂಡೆಗೋ ಹೋಗಿ ಬೀಳುತ್ತದೆ. ಅದೇ ರಾಶಿಯಲ್ಲಿ ಇನ್ನೂ ದಶಕಗಳ ಕಾಲ ಬಾಳುವ ಇಟ್ಟಿಗೆ, ಚಪ್ಪಡಿ, ಹೆಂಚು, ತೊಲೆಗಳಿರುತ್ತವೆ. ಅವು ಉಳಿಯುತ್ತವೋ ಇಲ್ಲವೋ ಎಂಬುದು ಒಡೆಯುವ ಮೊದಲು ನೀವು ಮಾಡುವ ಪರಿಶೀಲನೆಯ ಮೇಲೆ ನಿಂತಿದೆ. ಬೆಂಗಳೂರು, ಮೈಸೂರಿನಂಥ ಊರುಗಳ ಹಳೆಯ ಬಡಾವಣೆಗಳ ಒಂದಂತಸ್ತಿನ ಮನೆಯನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ಬೇಕಾದ್ದು ಇಷ್ಟೇ: ಅಳತೆ ಟೇಪು, ಸಣ್ಣ ಸುತ್ತಿಗೆ, ಉಳಿ, ಸ್ಕ್ರೂ ಡ್ರೈವರ್, ತಕ್ಕಡಿ, ಬಕೆಟ್, ಸೀಮೆಸುಣ್ಣ, ನೋಟ್‌ಬುಕ್, ಮೊಬೈಲ್ ಕ್ಯಾಮೆರಾ. ಜೊತೆಗೆ ಗಟ್ಟಿ ಶೂ, ಕೈಗವಸು, ಮಾಸ್ಕ್.

ಹಂತ 1: ಅಪಾಯಕಾರಿ ವಸ್ತುಗಳನ್ನು ಮೊದಲು ಗುರುತಿಸಿ

ವಿದ್ಯುತ್, ನೀರು, ಗ್ಯಾಸ್ ಸಂಪರ್ಕ ಕಡಿತವಾಗಿದೆಯೇ ಖಚಿತಪಡಿಸಿಕೊಳ್ಳಿ. ಹಿತ್ತಲಿನ ಶೆಡ್ಡು, ಸ್ನಾನದ ಮನೆಯ ಮೇಲೆ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್‌ನವು ಎಂದೇ ತಿಳಿದು ನಡೆಯಿರಿ. ಒಡೆದರೆ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಹೋಗಿ ಕ್ಯಾನ್ಸರ್ ತರಬಲ್ಲದು. ಇವನ್ನು ಕೊರೆಯಬಾರದು, ಕತ್ತರಿಸಬಾರದು. ಅನುಭವಸ್ಥರಿಂದಲೇ ನೀರು ಚಿಮುಕಿಸಿ ಇಡಿಯಾಗಿ ಇಳಿಸಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟು, ವಿಲೇವಾರಿಗೆ ಸ್ಥಳೀಯ ಸಂಸ್ಥೆಯನ್ನು ಕೇಳಿ.

ಬಾಗಿಲು, ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಭಾರತದಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಅಂಥ ಮರವನ್ನು ಸೌದೆಯಾಗಿ ಉರಿಸಬೇಡಿ, ಒಣಗಿದ್ದಾಗ ಉಜ್ಜಬೇಡಿ. ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುತ್ತದೆ, ಒಡೆಯದಂತೆ ಬೇರೆ ಇಡಿ.

ಹಂತ 2: ಕೋಣೆವಾರು ಪಟ್ಟಿ ಮಾಡಿ

ಚಾವಣಿಯಿಂದ ಶುರುಮಾಡಿ ನೆಲದವರೆಗೆ ಬನ್ನಿ. ಪ್ರತಿ ಕೋಣೆಗೂ ಒಂದು ಪುಟ. ವಸ್ತು ಯಾವುದು, ಎಷ್ಟಿದೆ, ಯಾವುದರಿಂದ ಅಂಟಿಸಲಾಗಿದೆ, ಸ್ಥಿತಿ ಹೇಗಿದೆ ಎಂಬ ನಾಲ್ಕು ಕಲಂ ಸಾಕು. ಪ್ರತಿಯೊಂದರ ಫೋಟೊ ತೆಗೆಯಿರಿ. ಮುಂದೆ ಕೊಳ್ಳುವವರಿಗೆ ತೋರಿಸಲೂ ಅದೇ ಬೇಕು.

ಹಂತ 3: ಗಾರೆಯನ್ನು ಪರೀಕ್ಷಿಸಿ

ಇಡೀ ಲೆಕ್ಕದ ಕೀಲಿ ಇರುವುದು ಇಲ್ಲೇ. ಇಟ್ಟಿಗೆ ಎಷ್ಟೇ ಚೆನ್ನಾಗಿರಲಿ, ಅದು ಇಡಿಯಾಗಿ ಬಿಡಿಸಿಕೊಂಡು ಬರುತ್ತದೆಯೇ ಎಂಬುದನ್ನು ನಿರ್ಧರಿಸುವುದು ನಡುವಿನ ಗಾರೆ. ಒಂದು ಸಂದಿಯನ್ನು ಉಳಿಯಿಂದ ಕೆರೆಯಿರಿ. ಮಣ್ಣಿನ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಗಾರೆ ಬೆಳ್ಳಗೆ, ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆತಿದ್ದರೆ ನಸುಗೆಂಪಾಗಿ, ಸಣ್ಣ ಪೆಟ್ಟಿಗೇ ಬಿಡುತ್ತದೆ. ಸಿಮೆಂಟ್ ಗಾರೆ ಬೂದು ಬಣ್ಣದ್ದು. ಹಲವೊಮ್ಮೆ ಇಟ್ಟಿಗೆ ಒಡೆಯುತ್ತದೆಯೇ ಹೊರತು ಗಾರೆ ಬಿಡುವುದಿಲ್ಲ.

ಕಾಂಪೌಂಡ್ ಗೋಡೆಯಲ್ಲೋ ಪ್ಯಾರಾಪೆಟ್‌ನಲ್ಲೋ ಅದೇ ಗಾರೆಯಿದ್ದರೆ ಅಲ್ಲಿಂದ 20 ಇಟ್ಟಿಗೆ ಬಿಡಿಸಿ ನೋಡಿ. ಭಾರ ಹೊತ್ತ ಗೋಡೆಗೆ ಕೈ ಹಾಕಲೇಬೇಡಿ. 20ರಲ್ಲಿ 14 ಇಡಿಯಾಗಿ ಬಂದರೆ ನಿಮ್ಮ ಮನೆಯ ಇಟ್ಟಿಗೆಯ ಇಳುವರಿ ಶೇ. 70.

ಹಂತ 4: ಒಂದೊಂದೇ ವಸ್ತುವಿನ ಗುಣ ನೋಡಿ

*ಇಟ್ಟಿಗೆ:* ಎರಡನ್ನು ಒಂದಕ್ಕೊಂದು ತಟ್ಟಿದಾಗ ಠಣ್ಣೆನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು. ಸುಮಾರು ಒಂದು ಮೀಟರ್ ಎತ್ತರದಿಂದ ಮಣ್ಣಿನ ಮೇಲೆ ಬಿಟ್ಟರೆ ಒಡೆಯಬಾರದು. ಕೊನೆಗೆ, ಒಣಗಿದ ಇಟ್ಟಿಗೆಯನ್ನು ತೂಗಿ 24 ಗಂಟೆ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ತೂಕ ಶೇ. 20ಕ್ಕಿಂತ ಹೆಚ್ಚು ಏರಿದರೆ, ಅಂದರೆ 3 ಕೆ.ಜಿ. ಇದ್ದದ್ದು 3.6 ಕೆ.ಜಿ. ದಾಟಿದರೆ, ಅದನ್ನು ಹೊರಗೋಡೆಗೆ ಬಳಸಬೇಡಿ.

*ಮಂಗಳೂರು ಹೆಂಚು:* ಬೆರಳ ಗೆಣ್ಣಿನಿಂದ ತಟ್ಟಿ. ಬಿರುಕಿದ್ದರೆ ಸದ್ದು ಮಂದವಾಗಿರುತ್ತದೆ. ರೀಪಿಗೆ ಕೂರುವ ಮೂಗು ಮುರಿದಿಲ್ಲವೇ ನೋಡಿ. ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರದ್ದರ ಜೊತೆ ಸರಿಯಾಗಿ ಕಚ್ಚಿಕೊಳ್ಳದೆ ಸೋರಬಹುದು. ಆದ್ದರಿಂದ ಒಂದೇ ಅಚ್ಚಿನವನ್ನು ಒಟ್ಟಿಗೆ ಜೋಡಿಸಿ ಎಣಿಸಿ.

*ಮರ:* ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿದ ಚಾವಣಿಯ, ತೊಲೆಗಳು ಹಲವೆಡೆ ತೇಗದವು. ಗೋಡೆಯೊಳಗೆ ಸೇರುವ ತುದಿಗಳಿಗೇ ತೇವ ಮೊದಲು ತಗಲುವುದರಿಂದ ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತಿದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿದೆ. ತುದಿ ಮಾತ್ರ ಕೆಟ್ಟಿದ್ದರೆ ಅದನ್ನು ಕತ್ತರಿಸಿ ಉಳಿದ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

*ಕಲ್ಲು:* ಗ್ರಾನೈಟ್ ಚಪ್ಪಡಿ, ಮೆಟ್ಟಿಲುಕಲ್ಲು, ಕಂಬ ಬಿರುಕಿಲ್ಲದಿದ್ದರೆ ಹೆಚ್ಚುಕಡಿಮೆ ಪೂರ್ತಿ ಮರುಬಳಕೆಗೆ ಸಿಗುತ್ತವೆ. ಶಹಾಬಾದ್ ನೆಲಗಲ್ಲು ಸಿಮೆಂಟ್ ಹಾಸಿನ ಮೇಲಿದ್ದರೆ ಮೂಲೆಯ ಒಂದನ್ನು ಎಬ್ಬಿಸಿ ಪರೀಕ್ಷಿಸಿ. ರೆಡ್ ಆಕ್ಸೈಡ್ ನೆಲ ಮಾತ್ರ ಇಡಿಯಾಗಿ ಏಳುವುದಿಲ್ಲ. ಅದನ್ನು ಪುಡಿ ಮಾಡುವ ರಾಶಿಗೆ ಬರೆಯಿರಿ.

ಹಂತ 5: ಕಾಂಕ್ರೀಟು, ಕಬ್ಬಿಣ ಬೇರೆ ಲೆಕ್ಕ

ಆರ್‌ಸಿಸಿ ಚಾವಣಿ ಇಡಿಯಾಗಿ ಉಳಿಯುವುದಿಲ್ಲ, ಆದರೆ ಪುಡಿಯಾಗಿ ಮತ್ತೆ ಕೆಲಸಕ್ಕೆ ಬರುತ್ತದೆ. 5 ಇಂಚು ದಪ್ಪದ 100 ಚದರಡಿ ಚಾವಣಿ ಸುಮಾರು 3 ಟನ್ ತೂಗುತ್ತದೆ. ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಹಳೆಯ ಕಾಂಕ್ರೀಟಿನಿಂದ ತಯಾರಾದ ಜಲ್ಲಿಯನ್ನು ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ಶೇ. 20, ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಶೇ. 25, ಎಂ15ಕ್ಕಿಂತ ಕೆಳಗಿನ ಲೀನ್ ಕಾಂಕ್ರೀಟಿನಲ್ಲಿ ಪೂರ್ತಿ ಶೇ. 100ರವರೆಗೆ ಒಪ್ಪುತ್ತದೆ. ಫಾಲ್ಸ್ ಸೀಲಿಂಗ್‌ನ ಜಿಪ್ಸಂ ಇದಕ್ಕೆ ಬೆರೆಯದಂತೆ ಮೊದಲೇ ಇಳಿಸಿ. ಅದರ ಸಲ್ಫೇಟ್ ಹೊಸ ಕಾಂಕ್ರೀಟನ್ನು ಹಾಳುಮಾಡುತ್ತದೆ.

ಕಂಬಿಯ ತೂಕ ತಿಳಿಯಲು ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. 12 ಮಿ.ಮೀ. ಕಂಬಿಗೆ ಅದು 0.89 ಕೆ.ಜಿ. ಬಗ್ಗಿದ ಹಳೆ ಕಂಬಿಯನ್ನು ನೇರ ಮಾಡಿ ಹೊಸ ಚಾವಣಿಗೆ ಹಾಕಬೇಡಿ. ಗುಜರಿಗೆ ಹೋಗಿ ಕರಗಿ ಹೊಸ ಉಕ್ಕಾಗುವುದೇ ಅದಕ್ಕೆ ಸರಿಯಾದ ದಾರಿ.

ಹಂತ 6: ಮೂರು ಗುಂಪು ಮಾಡಿ ಕೂಡಿಸಿ

ಎಲ್ಲವನ್ನೂ ತೂಕಕ್ಕೆ ಇಳಿಸಿ ಮೂರು ಗುಂಪಾಗಿ ಬರೆಯಿರಿ: ಇಡಿಯಾಗಿ ಬಳಸುವಂಥದ್ದು, ಪುಡಿ ಮಾಡಿ ಅಥವಾ ಕರಗಿಸಿ ಬಳಸುವಂಥದ್ದು, ವಿಲೇವಾರಿ ಮಾಡಬೇಕಾದದ್ದು.

ಉದಾಹರಣೆಗೆ, 20 ಅಡಿ ಉದ್ದ, 10 ಅಡಿ ಎತ್ತರ, 9 ಇಂಚು ದಪ್ಪದ ಗೋಡೆ 150 ಘನ ಅಡಿ, ತೂಕ ಸುಮಾರು 8 ಟನ್. 9 x 4.5 x 3 ಇಂಚಿನ ಇಟ್ಟಿಗೆಯಾದರೆ ಅದರಲ್ಲಿ ಸುಮಾರು 1,500 ಇರುತ್ತವೆ. ಇಳುವರಿ ಶೇ. 70 ಎಂದಾದರೆ 1,050 ಇಟ್ಟಿಗೆ ಮೊದಲ ಗುಂಪಿಗೆ, ಒಡೆದ ಚೂರು ಮತ್ತು ಗಾರೆ ಎರಡನೆಯದಕ್ಕೆ. ಹೀಗೆ ಮನೆಯ ಎಲ್ಲ ವಸ್ತುಗಳನ್ನೂ ಸೇರಿಸಿದ ಮೇಲೆ ಮೊದಲೆರಡು ಗುಂಪುಗಳ ತೂಕವನ್ನು ಒಟ್ಟು ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಮನೆಯ ಮರುಬಳಕೆ ಪ್ರಮಾಣ ಬರುತ್ತದೆ. ಮೊದಲ ಗುಂಪನ್ನು ಬೇರೆಯಾಗಿಯೂ ಬರೆದಿಡಿ. ಇಡೀ ಇಟ್ಟಿಗೆ ಮತ್ತೆ ಗೋಡೆಯಾದರೆ ಹೊಸ ಇಟ್ಟಿಗೆ ಸುಡುವ ಇಂಧನ, ಅದಕ್ಕೆ ಅಗೆಯುವ ಮಣ್ಣು ಎರಡೂ ಉಳಿಯುತ್ತವೆ; ಪುಡಿಯಾದ ಇಟ್ಟಿಗೆ ಬಹುತೇಕ ತಳ ತುಂಬಲಷ್ಟೇ ಆದೀತು.

ಹಂತ 7: ಕರಾರಿನಲ್ಲಿ ಬರೆಸಿ

ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚಬೇಕು: ಮೊದಲು ವೈರು, ನಲ್ಲಿ, ಆಮೇಲೆ ಬಾಗಿಲು, ಕಿಟಕಿ, ನಂತರ ಹೆಂಚು, ತೊಲೆ, ಕೊನೆಗೆ ಗೋಡೆ, ನೆಲ, ಪಾಯ. ಗೋಡೆ, ಚಾವಣಿ ಇಳಿಸುವ ಕ್ರಮಕ್ಕೆ ಎಂಜಿನಿಯರ್ ಒಪ್ಪಿಗೆ ಪಡೆಯಿರಿ. ತಾಮ್ರಕ್ಕಾಗಿ ವೈರ್ ಸುಡುವಂತಿಲ್ಲ ಎಂದೂ ಕರಾರಿನಲ್ಲಿ ಸೇರಿಸಿ.

2016ರ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರುವವರಿಗೆ ತ್ಯಾಜ್ಯ ವಿಂಗಡಣೆಯ ಹೊಣೆ ಹೊರಿಸಿದ್ದವು. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಯೋಜನೆಗಳು ಮರುಬಳಕೆಯ ಗುರಿಗಳನ್ನೂ ಮುಟ್ಟಬೇಕು. ಸಣ್ಣ ಮನೆಯವರಿಗೆ ಇಷ್ಟು ಬಿಗಿ ಇಲ್ಲದಿದ್ದರೂ ಪುಡಿಯ ರಾಶಿಯನ್ನು ಸಂಸ್ಕರಣಾ ಘಟಕಕ್ಕೇ ಕಳಿಸಿ. ಬೆಂಗಳೂರಿಗೆ ಚಿಕ್ಕಜಾಲದಲ್ಲಿ ಅಂಥ ಘಟಕವಿದೆ. ಬೇರೆ ಊರಿನವರು ನಗರಸಭೆ, ಪಾಲಿಕೆಯಲ್ಲಿ ವಿಚಾರಿಸಿ.

ಕೈಯಿಂದ ಬಿಚ್ಚಿಸಿದರೆ ಕೂಲಿಯೂ ದಿನಗಳೂ ಹೆಚ್ಚು ಹಿಡಿಯುತ್ತವೆ, ನಿಜ. ಆದರೆ ಮಾರಿದ ಮರ, ಹೆಂಚು, ಇಟ್ಟಿಗೆಯ ಹಣವನ್ನೂ ಉಳಿತಾಯವಾದ ಟಿಪ್ಪರ್ ಬಾಡಿಗೆಯನ್ನೂ ಎದುರಿಗಿಟ್ಟು ನೋಡಿ, ಆಮೇಲೆ ತೀರ್ಮಾನಿಸಿ. ಒಡೆಸುವ ದಿನ ಗೊತ್ತುಮಾಡುವ ಮುಂಚೆ ಈ ಪಟ್ಟಿ ನಿಮ್ಮ ಕೈಯಲ್ಲಿರಲಿ. ಪಟ್ಟಿ ಇಲ್ಲದೆ ಯಾರಿಗೂ ಗುತ್ತಿಗೆ ಕೊಡಬೇಡಿ.