ಹಿತ್ತಲ ಮಡಿಯೂ ಮನೆಯವರ ರಕ್ತವೂ

ಬೇಸಿಗೆಯ ಕೊನೆಯಲ್ಲಿ ಹೊಸ ಕೈತೋಟವನ್ನು ನೋಡುವುದು ಅಷ್ಟೇನೂ ಸಂತೋಷದ ವಿಷಯವಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಯಾವುದಾದರೂ ಒಂದು ಮನೆಯ ಹಿತ್ತಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಶಿವರಾತ್ರಿ ಕಳೆದ ಮೇಲೆ ಮನೆಯಾಕೆ ಮೊದಲ ಸಲ ನಾಲ್ಕು ಮಡಿ ಮಾಡಿ ಟೊಮೆಟೊ, ಹುರುಳಿಕಾಯಿ, ಮೆಂತ್ಯ, ದಂಟು ಹಾಕಿದ್ದಾರೆ. ಬಚ್ಚಲ ಪಕ್ಕದಲ್ಲಿ ಒಂದು ಬಸಳೆ ಬಳ್ಳಿ, ಬೇಲಿಯ ಸಾಲಿಗೆ ಒಂದು ನುಗ್ಗೆ ಕೊಂಬೆ. ಈಗ ಭರಣಿ ಮಳೆಯ ದಿನಗಳು. ಟೊಮೆಟೊ ಹೂವೆಲ್ಲ ಉದುರಿದೆ, ಹುರುಳಿಕಾಯಿ ಗಿಡ ಸುಟ್ಟಂತಾಗಿದೆ, ಮೆಂತ್ಯ ಮೇಲೇಳಲೇ ಇಲ್ಲ. ‘ನನ್ನ ಕೈಗುಣ ಸರಿಯಿಲ್ಲ’ ಎಂದು ಅವರು ಕೈಬಿಡುವ ಯೋಚನೆಯಲ್ಲಿದ್ದಾರೆ.

ಇದರಲ್ಲಿ ಕೈಗುಣದ ಪ್ರಶ್ನೆಯೇ ಇಲ್ಲ. ಹಗಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಟೊಮೆಟೊ ಹೂವಿನ ಪರಾಗ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚದೆ ಹೂ ಉದುರುತ್ತದೆ. ಹುರುಳಿಕಾಯಿಯ ಕಥೆಯೂ ಇದೇ. ಮೆಂತ್ಯ ತಂಪು ಕಾಲದ ಬೆಳೆ. ಆದರೆ ಅದೇ ಹಿತ್ತಲನ್ನು ಇನ್ನೊಮ್ಮೆ ನೋಡಿ. ದಂಟು ಎದ್ದು ನಿಂತಿದೆ, ಬಸಳೆ ಹಬ್ಬುತ್ತಿದೆ, ನುಗ್ಗೆ ಕೊಂಬೆ ಚಿಗುರೊಡೆದಿದೆ. ಬಿಸಿಲು ಉಳಿಸಿಕೊಟ್ಟಿರುವುದು ಸೊಪ್ಪನ್ನು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಹೆಚ್ಚು ಅಗತ್ಯವಿರುವುದೂ ಅದೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 65. ಅದಕ್ಕೆ ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಿವೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸುಸ್ತು, ಎದೆ ಬಡಿತ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಚಿಕೊಳ್ಳುವುದು, ಮಣ್ಣು ಅಥವಾ ಹಸಿ ಅಕ್ಕಿ ತಿನ್ನಬೇಕೆನಿಸುವುದು ಇದರ ಲಕ್ಷಣಗಳು. ‘ಬೇಸಿಗೆಯಲ್ಲವೇ, ಸುಸ್ತು ಇದ್ದೇ ಇರುತ್ತದೆ’ ಎಂದು ಸುಮ್ಮನಾಗುವವರೇ ಹೆಚ್ಚು.

ವಯಸ್ಕರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ನಾಲ್ಕು ಜನರ ಸಂಸಾರಕ್ಕೆ ಅಷ್ಟು ಸೊಪ್ಪನ್ನು ಪ್ರತಿದಿನ ಕೊಂಡು ತರುವುದು ಕಷ್ಟ, ಹಿತ್ತಲಿನಲ್ಲಿದ್ದರೆ ಕಷ್ಟವಿಲ್ಲ. ದಂಟಿನ ಸೊಪ್ಪಿನಲ್ಲಿ ಕಬ್ಬಿಣಾಂಶ, ಕ್ಯಾರೊಟಿನ್, ಸಿ ಜೀವಸತ್ವ ಮೂರೂ ಇವೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ, ಅಂದರೆ ಅಷ್ಟೇ ತೂಕದ ಹಾಲಿನಲ್ಲಿರುವುದರ ಎರಡು ಪಟ್ಟಿಗಿಂತ ಅಧಿಕ. ಆದರೂ ಬೇಲಿಯ ನುಗ್ಗೆಯಿಂದ ಕಾಯಿಯನ್ನಷ್ಟೇ ಕಿತ್ತು ಸೊಪ್ಪನ್ನು ಮೇಕೆಗೆ ಬಿಡುವ ಮನೆಗಳು ಎಷ್ಟಿಲ್ಲ!

ಬೆಳೆದ ಮಾತ್ರಕ್ಕೆ ಅದು ರಕ್ತಕ್ಕೆ ಸೇರುವುದಿಲ್ಲ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶದಲ್ಲಿ ನಮ್ಮ ದೇಹ ಹೀರಿಕೊಳ್ಳುವುದು ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ. ಅದನ್ನು ಹೆಚ್ಚಿಸುವುದೂ ತಗ್ಗಿಸುವುದೂ ಅಡುಗೆಮನೆಯ ಕೈಯಲ್ಲಿದೆ. ಈ ದೃಷ್ಟಿಯಿಂದ ನಮ್ಮ ಬಸ್ಸಾರು ಬಹಳ ಬುದ್ಧಿವಂತಿಕೆಯ ಅಡುಗೆ. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಅದನ್ನೇ ಸಾರು ಮಾಡುವುದರಿಂದ ನೀರಿಗಿಳಿದ ಸತ್ವವೆಲ್ಲ ತಟ್ಟೆಗೇ ಬರುತ್ತದೆ. ಬಸಿದ ಸೊಪ್ಪಿನ ಪಲ್ಯಕ್ಕೆ ಕಾಯಿತುರಿ ಹಾಕುತ್ತೇವಲ್ಲ, ಕ್ಯಾರೊಟಿನ್ ದೇಹಕ್ಕೆ ಸೇರಲು ಬೇಕಾದ ಜಿಡ್ಡು ಅದರಿಂದಲೇ ದೊರೆಯುತ್ತದೆ. ಒಂದು ಕೊರತೆಯಿದೆ: ಕುದಿಸುವಾಗ ಸಿ ಜೀವಸತ್ವದ ಬಹುಪಾಲು ಹೋಗಿಬಿಡುತ್ತದೆ, ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುವುದು ಅದೇ. ಆದ್ದರಿಂದ ಒಲೆಯಿಂದ ಇಳಿಸಿ, ಊಟಕ್ಕೆ ಕೂರುವಾಗ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಜೊತೆ ಒಂದು ಸೀಬೆಹಣ್ಣು ತಿಂದರೂ ಆದೀತು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಹೆಚ್ಚಿ.

ಊಟ ಮುಗಿದ ಕೂಡಲೇ ಕಾಫಿ ಅಥವಾ ಟೀ ಕುಡಿಯುವ ಅಭ್ಯಾಸವನ್ನು ಬಿಡಲೇಬೇಕು. ಅವುಗಳಲ್ಲಿರುವ ಒಗರು ಪದಾರ್ಥ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕನಿಷ್ಠ ಒಂದು ಗಂಟೆಯ ಅಂತರವಿರಲಿ. ರಾಗಿಯಲ್ಲೂ ಇಂಥ ಅಡ್ಡಿಯುಂಟುಮಾಡುವ ಅಂಶಗಳಿವೆ, ಹಾಗೆಂದು ಮುದ್ದೆ ಬಿಡಬೇಕಾಗಿಲ್ಲ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯಲ್ಲಿ ಅವು ತಗ್ಗುತ್ತವೆ. ಮಕ್ಕಳ ಅಂಬಲಿಗಾದರೂ ಆ ಹಿಟ್ಟನ್ನೇ ಬಳಸಿ.

ಇನ್ನು ತೆಂಗಿನ ಸೀಮೆಗೇ ಸಂಬಂಧಿಸಿದ ಒಂದು ಅಪಾಯ. ದಂಟಿನ ಎಲೆಯಲ್ಲಿ ತೂತು ಕಂಡೊಡನೆ, ತೋಟಕ್ಕೆ ತಂದು ಉಳಿದಿದ್ದ ಔಷಧಿಯನ್ನು ಹಿತ್ತಲಿಗೂ ಚಿಮುಕಿಸುವುದುಂಟು. ಕಪ್ಪುತಲೆ ಹುಳುವಿಗೆ, ನುಸಿಗೆ ತೆಂಗಿನ ಬೇರಿನ ಮೂಲಕ ಕೊಡುತ್ತಿದ್ದ ಮೊನೊಕ್ರೋಟೋಫಾಸ್ ಇಂಥದ್ದು. ಇದನ್ನು ತರಕಾರಿಗಳ ಮೇಲೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿತು. ಈ ವಿಷ ಎಲೆಯ ಮೇಲೆ ಕೂರುವುದಿಲ್ಲ, ಗಿಡದ ಒಳಕ್ಕೇ ಇಳಿಯುತ್ತದೆ. ಉಪ್ಪುನೀರಲ್ಲ, ಯಾವ ನೀರಲ್ಲಿ ತೊಳೆದರೂ ಹೋಗದು. ಬೇರಿಗೆ ಕೊಟ್ಟ ಮೇಲೆ 45 ದಿನ ಕಾಯಿ ಕೀಳಬಾರದೆಂಬ ಎಚ್ಚರಿಕೆಯನ್ನು ತೋಟದವರು ಬಲ್ಲರು. ದಂಟು ಬಿತ್ತಿದ 25-30 ದಿನಕ್ಕೇ ಕೊಯ್ಲಿಗೆ ಬರುತ್ತದೆ! ತೂತುಬಿದ್ದ ಎಲೆಯನ್ನು ಬೇಯಿಸಿ ತಿಂದರೆ ಏನೂ ಆಗದು. ಹುಳುವನ್ನು ಬೆಳಗಿನ ಹೊತ್ತು ಕೈಯಿಂದಲೇ ಆರಿಸಿ ತೆಗೆಯಿರಿ, ಹೆಚ್ಚೆಂದರೆ ಬೇವಿನ ಬೀಜದ ಕಷಾಯ ಸಿಂಪಡಿಸಿ. ಔಷಧಿಯ ಖಾಲಿ ಡಬ್ಬವನ್ನು ನೀರು ತುಂಬಿಡಲು ಎಂದೂ ಉಪಯೋಗಿಸಬೇಡಿ.

ನೀರಿನ ವಿಷಯವೂ ಆರೋಗ್ಯದ ವಿಷಯವೇ. ಕೊಳವೆಬಾವಿ ಕೈಕೊಡುವ ಈ ತಿಂಗಳಲ್ಲಿ ಬಚ್ಚಲ ನೀರನ್ನು ತೆಂಗು, ಬಾಳೆ, ನುಗ್ಗೆಯ ಬುಡಕ್ಕೆ ಹರಿಸಿ. ಸೊಪ್ಪಿನ ಮಡಿಗೆ ಅದು ಬೇಡ. ಮಡಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಿ. ಗಿಡದ ಸಾಲುಗಳ ನಡುವೆ ತೆಂಗಿನ ನಾರಿನ ಪುಡಿ ಅಥವಾ ಒಣಗರಿ ಹರಡಿದರೆ ಅರ್ಧ ನೀರಿನಲ್ಲೇ ಗಿಡ ಉಳಿಯುತ್ತದೆ ಎಂದು ಅನುಭವಿಗಳು ಹೇಳುತ್ತಾರೆ. ಮಧ್ಯಾಹ್ನ ಎಲೆ ಬಾಡಿದ್ದು ಸಂಜೆಗೆ ತಲೆ ಎತ್ತಿದರೆ ಗಾಬರಿ ಬೇಡ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ನೀರು ಸಾಲದು. ಮಡಿಯ ಕೆಲಸ ಬೆಳಗಿನ ಒಂಬತ್ತರೊಳಗೆ ಮುಗಿಯಲಿ.

ಬರಿಗಾಲಲ್ಲಿ ಮಡಿಗೆ ಇಳಿಯಬೇಡಿ. ಬಯಲು ಶೌಚದಿಂದ ಕೆಟ್ಟ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಅಂಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿಗೆ ಹೋಗಿ ಕಚ್ಚಿಕೊಂಡು ರಕ್ತ ಹೀರುತ್ತವೆ. ಒಂದು ಕೈಯಲ್ಲಿ ಸೊಪ್ಪು ಬೆಳೆದು ಇನ್ನೊಂದು ಕಡೆ ಹುಳುವಿಗೆ ರಕ್ತ ಕೊಟ್ಟರೆ ಏನು ಫಲ? ಸಾಮಾನ್ಯ ಹವಾಯಿ ಚಪ್ಪಲಿ ಸಾಕು. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ. ಗೊಬ್ಬರದ ಕೆಲಸದಲ್ಲಿ ಮುಳ್ಳು ಚುಚ್ಚಿದರೆ ಸೋಪಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಮುಖ್ಯವಾದ ಮಾತೊಂದಿದೆ. ಸೊಪ್ಪು ರಕ್ತಹೀನತೆ ಬಾರದಂತೆ ಕಾಯುತ್ತದೆ, ಈಗಾಗಲೇ ಬಂದಿರುವುದನ್ನು ಅದೊಂದೇ ಗುಣಪಡಿಸಲಾರದು. ಮೇಲೆ ಹೇಳಿದ ಲಕ್ಷಣಗಳಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದು ಮಹಿಳೆಯರಲ್ಲಿ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸುವವರು ಬಹಳ. ಮಾತ್ರೆಯನ್ನು ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ. ಮೂತ್ರಪಿಂಡದ ಕಾಯಿಲೆ, ಕಲ್ಲಿನ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಸೊಪ್ಪಿನ ಪ್ರಮಾಣ ನಿರ್ಧರಿಸಬೇಕು.

ಮುಂದಿನ ಬಿತ್ತನೆಗೆ ಈಗಲೇ ಸಿದ್ಧತೆ ಮಾಡಿಕೊಳ್ಳಬಹುದು. ದಂಟನ್ನು ಬೇರುಸಹಿತ ಕೀಳದೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿ ಹೀಗೆ ಹಲವು ಕೊಯ್ಲಿಗೆಂದೇ ಬಂದದ್ದು. ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಸೊಪ್ಪು ಒಟ್ಟಿಗೆ ಬಂದು ಒಟ್ಟಿಗೆ ಮುಗಿಯುವುದಿಲ್ಲ. ಟೊಮೆಟೊ ಒಟ್ಲನ್ನು ರೋಹಿಣಿ ಮಳೆ ಕಂಡ ಮೇಲೆ ಹಾಕಿ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಸಲಹೆ ಸಿಗುತ್ತದೆ.

ಮೊದಲ ಮಳೆ ಬೀಳುವ ಮುನ್ನ ಹಿತ್ತಲಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಎಳನೀರಿನ ಬುರುಡೆಗಳನ್ನೆಲ್ಲ ಆರಿಸಿ ಮಗುಚಿಡಿ ಅಥವಾ ಒಲೆಗೆ ಹಾಕಿ. ಒಂದು ಚಿಪ್ಪಿನಲ್ಲಿ ನಿಂತ ಮಳೆನೀರಿನಲ್ಲಿ ಎಂಟು ಹತ್ತು ದಿನಕ್ಕೇ ಡೆಂಗಿ ಸೊಳ್ಳೆಗಳ ಒಂದು ಪೀಳಿಗೆ ತಯಾರಾಗುತ್ತದೆ. ಮಡಿಗೆಂದು ನೀರು ತುಂಬಿಟ್ಟ ಡ್ರಮ್ಮನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ.