ನೀರಿನ ಜಾಡಿನಲ್ಲಿ ಚಿತ್ರದುರ್ಗ

ಕೋಟೆ ನೋಡಲು ಹೋದವರು ಗೋಡೆಯನ್ನು ನೋಡಿ ಬರುವುದು ವಾಡಿಕೆ. ಎಷ್ಟು ಸುತ್ತು, ಎಷ್ಟು ಬಾಗಿಲು, ಎಷ್ಟು ಬತೇರಿ ಎಂದು ಎಣಿಸಿ, ಕಲ್ಲಿನ ಗಾತ್ರಕ್ಕೆ ಬೆರಗಾಗಿ, ಪಾಳೆಯಗಾರರ ಶೌರ್ಯವನ್ನು ಕೊಂಡಾಡಿ ಹಿಂದಿರುಗುವರು. ಗೋಡೆಯು ಶತ್ರುವನ್ನು ಹೊರಗೆ ನಿಲ್ಲಿಸಬಲ್ಲದು, ನಿಜ. ಆದರೆ ಒಳಗಿದ್ದವರನ್ನು ಬದುಕಿಸಲಾರದು. ತಿಂಗಳುಗಟ್ಟಲೆ ಮುತ್ತಿಗೆ ಬಿದ್ದಿದ್ದಾಗ ಒಳಗಿನ ಜನವೂ ದನವೂ ಕುದುರೆಯೂ ಕುಡಿದುದೇನು? ಈ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ದುರ್ಗವನ್ನು ಹತ್ತಿದರೆ ಅದೇ ಬೆಟ್ಟ ಬೇರೆಯಾಗಿ ಕಾಣತೊಡಗುವುದು. ನಮ್ಮ ಮನೆಯ ಹಿರಿಯರು ಓದುಬರಹ ಬಲ್ಲವರಲ್ಲ, ಆದರೆ ಯಾವ ಊರಿನ ಸುದ್ದಿ ಬಂದರೂ ಅವರು ಮೊದಲು ಕೇಳುವುದು "ಅಲ್ಲಿ ನೀರು ಹೆಂಗೈತಿ?" ಎಂದೇ. ಇತಿಹಾಸದ ವಿದ್ಯಾರ್ಥಿಯೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ.

ನಮ್ಮ ತಾಲ್ಲೂಕುಗಳಲ್ಲಿಯೇ ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಎಂಬ ಪಾಳೆಯಪಟ್ಟುಗಳಿರುವಾಗ ನೆರೆಯ ಚಿತ್ರದುರ್ಗಕ್ಕೆ ಏಕೆ ಹೋಗಬೇಕೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಬಹುಭಾಗ ಬಿದ್ದುಹೋಗಿರುವುದು ಅಲ್ಲಿ ಇನ್ನೂ ನಿಂತಿದೆ ಎಂಬುದೇ ಇದಕ್ಕೆ ಉತ್ತರ. ಅಲ್ಲಿ ಅಕ್ಷರ ಕಲಿತು ಬಂದರೆ ಇಲ್ಲಿಯ ಅಳಿದುಳಿದ ಪುಟಗಳನ್ನು ಓದಬಹುದು. ಅಲ್ಲದೆ ಈ ಎರಡು ಸೀಮೆಗಳ ನಂಟು ಹಳೆಯದು, ಮತ್ತು ರಕ್ತದಲ್ಲಿ ತೊಯ್ದದ್ದು. 1748ರ ಮಾಯಕೊಂಡದ ಕಾಳಗದಲ್ಲಿ ಬಿದನೂರು, ರಾಯದುರ್ಗ, ಸವಣೂರುಗಳೊಡನೆ ಹರಪನಹಳ್ಳಿಯೂ ಸೇರಿ ಚಿತ್ರದುರ್ಗದ ಮೇಲೆ ಬಿದ್ದಿತು. ಅಲ್ಲಿ ದುರ್ಗದ ಹಿರಿಯ ಮದಕರಿ ನಾಯಕನು ಮಡಿದುದು ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಿಂದ. ಆದುದರಿಂದ ನಮ್ಮ ಕಡೆಯವರು ಆ ಕೋಟೆಯ ಬಾಗಿಲಿಗೆ ಹೋಗಿ ನಿಂತಾಗ ತುಸು ಸಂಕೋಚವೂ ಆಗಬೇಕಾದ್ದೇ!

ಕೂಡ್ಲಿಗಿಯಲ್ಲಿ ಹೆದ್ದಾರಿಯ ಬಸ್ಸು ಹಿಡಿದರೆ ಬೆಳಗಿನ ತಂಪು ಆರುವ ಮುನ್ನ ಚಿತ್ರದುರ್ಗ ಸೇರಬಹುದು. ನಡಿಗೆಯನ್ನು ಬೆಟ್ಟದ ಬುಡದಿಂದಲ್ಲ, ಪೇಟೆಯಿಂದ ಆರಂಭಿಸುವುದು ಒಳ್ಳೆಯದು. ಊರಿನೊಳಗೇ ಸಿಗುವ ರಂಗಯ್ಯನ ಬಾಗಿಲು ಹೊರಕೋಟೆಯ ಹೆಬ್ಬಾಗಿಲುಗಳಲ್ಲಿ ಒಂದು. ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲಕೋಟೆ ಬಾಗಿಲು ಎಂಬುವು ಉಳಿದವು. ಉಚ್ಚಂಗಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಹರಪನಹಳ್ಳಿ ತಾಲ್ಲೂಕಿನವರು ತಲೆಯೆತ್ತಬಹುದು. ನಮ್ಮ ಉಚ್ಚಂಗಿದುರ್ಗದ ದೇವಿಯೇ ಈ ಪೇಟೆಯ ನಡುವೆ ಉಚ್ಚಂಗಿಯಲ್ಲಮ್ಮನೆಂಬ ಹೆಸರಿನಿಂದ ಪೂಜೆಗೊಳ್ಳುವಳು; ದುರ್ಗದ ನಾಯಕರಿಗೂ ಅವಳು ಆರಾಧ್ಯದೈವ. ಕಾದಾಡಿದ ಎರಡು ಸೀಮೆಗಳಿಗೆ ದೇವಿ ಒಬ್ಬಳೇ ಎಂಬುದು ಸ್ವಾರಸ್ಯದ ಸಂಗತಿ.

ಬೆಟ್ಟದ ಕೋಟೆಯನ್ನು ಹೊಕ್ಕೊಡನೆ ದಾರಿ ನೆಟ್ಟಗೆ ಹೋಗದೆ ಹಾವಿನಂತೆ ಹೊರಳುತ್ತದೆ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ. ಎಡಕ್ಕೋ ಬಲಕ್ಕೋ ತಿರುಗಿದರೆ ಮತ್ತೊಂದು ಬಾಗಿಲು. ಆನೆಯು ಓಡಿಬಂದು ಕದಕ್ಕೆ ಹಣೆಯೊಡ್ಡಲು ಬೇಕಾದ ಬಯಲು ಎಲ್ಲಿಯೂ ಸಿಗದಂತೆ ಮಾಡಿರುವ ಉಪಾಯವಿದು. ಜಪಾನ್ ದೇಶದ ಹಿಮೇಜಿ ಎಂಬ ಕೋಟೆಯಲ್ಲಿಯೂ ಇದೇ ಬಗೆಯ ಸುತ್ತುದಾರಿಯಿದ್ದು, ಬಾಗಿಲ ಮೇಲೆ ಬಾಗಿಲು ದಾಟಿ ಬಳಸಿ ಹತ್ತಬೇಕಾಗುವುದು. ಅವರು ಮರದಲ್ಲಿಯೂ ಸುಣ್ಣದಲ್ಲಿಯೂ ಕಟ್ಟಿದುದನ್ನು ನಮ್ಮವರು ಬಂಡೆಯಲ್ಲಿ ಕಟ್ಟಿದರು. ಒಬ್ಬರನ್ನೊಬ್ಬರು ಕಂಡು ಕೇಳರಿಯದ ಇಬ್ಬರು ಒಂದೇ ಯುಕ್ತಿಯನ್ನು ಹೂಡಿದ್ದಾರೆ.

ಒಳಗೆ ಹೋದಮೇಲೆ ಮದ್ದು ಬೀಸುವ ಕಲ್ಲುಗಳು ಸಿಗುವುವು. ನೆಲದೊಳಗಿನ ದುಂಡನೆಯ ಗುಂಡಿಯಲ್ಲಿ ನಾಲ್ಕು ದೊಡ್ಡ ಬೀಸುಗಲ್ಲುಗಳು. ನೋಡುಗರೆಲ್ಲರೂ ಇಲ್ಲಿ ಬಹಳ ಹೊತ್ತು ನಿಲ್ಲುವರು. ಮುಂದೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಮೊದಲಾದ ಗುಡಿಗಳು, ಕಲ್ಲಿನ ಉಯ್ಯಾಲೆ ಕಂಬ, ದೀಪಸ್ತಂಭ. ನಾಯಕರಿಗೆ ಪಟ್ಟ ಕಟ್ಟುತ್ತಿದ್ದುದು ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯಲ್ಲಿ ಎಂದು ಪ್ರತೀತಿ. ಭರಮಣ್ಣ ನಾಯಕನ ಕಾಲಕ್ಕೆ ಸೇರಿದ ಮುರುಘಾಮಠವೂ ಮೇಲುದುರ್ಗದಲ್ಲಿಯೇ ಇದೆ. ಗುಡಿಗಳ ವಿಷಯವನ್ನು ಬಲ್ಲವರು ಬೇಕಾದಷ್ಟು ಬರೆದಿರುವುದರಿಂದ ನಾನು ಮುಂದಕ್ಕೆ ನಡೆಯುತ್ತೇನೆ.

ನನ್ನನ್ನು ತಡೆದು ನಿಲ್ಲಿಸುವುದು ಮಣ್ಣಿನ ಗೋಡೆಗಳು. ಅರಮನೆ, ಕಣಜ, ಟಂಕಸಾಲೆ ಎಂದು ತೋರಿಸುವ ಕಟ್ಟಡಗಳೆಲ್ಲ ಬರಿಯ ಮಣ್ಣು. ಚಾವಣಿ ಹೋಗಿ ಇನ್ನೂರು ವರ್ಷಗಳ ಮಳೆಯನ್ನು ತಿಂದರೂ ಆಳೆತ್ತರಕ್ಕೂ ಮೀರಿ ನಿಂತಿವೆ. ಮಣ್ಣನ್ನು ಹದಮಾಡಲು ನೀರು ಬೇಕು. ಇಷ್ಟು ಎತ್ತರದಲ್ಲಿ ಇಷ್ಟು ಮಣ್ಣನ್ನು ತುಳಿದು ಕಲಸುವಷ್ಟು ನೀರು ಇವರಿಗೆ ಎಲ್ಲಿಂದ ದೊರೆಯಿತು? ಇಲ್ಲಿಂದಲೇ ನೀರಿನ ಜಾಡು ಹಿಡಿಯಬೇಕು.

ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಒಂದು ಎಕರೆ ಬಂಡೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚಾಗುವುದೆಂದು ಲೆಕ್ಕ ಹಾಕಿ ನೋಡಬಹುದು. ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ಹಂಚಿದರೆ ನೂರು ಜನಕ್ಕೆ ನೂರು ದಿನ. ಆವಿಯಾಗಿ ಹೋಗುವುದನ್ನು ಕಳೆದರೂ ಲೆಕ್ಕ ಸಣ್ಣದಲ್ಲ. ನಮ್ಮ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬಂಡೆ ಹೆಚ್ಚು. ಯಾರೂ ಬೇಡವೆನ್ನುವ ಈ ಬಂಡೆಯನ್ನೇ ದುರ್ಗದವರು ನೀರಿನ ಹೊಲವನ್ನಾಗಿ ಮಾಡಿಕೊಂಡರು. ಬಂಡೆಗಳ ನಡುವಿನ ಇಕ್ಕಟ್ಟಿಗೆ ಅಡ್ಡವಾಗಿ ಒಡ್ಡು ಹಾಕಿ ಹರಿದುಬಂದುದನ್ನು ಹಿಡಿದಿಟ್ಟರು. ಅದೇ ಹೊಂಡ.

ಮೇಲಿರುವುದು ಗೋಪಾಲಸ್ವಾಮಿ ಹೊಂಡ. ಇದು ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಗಳಿಗೆ ಇಳಿಯುವುದು. ಅಲ್ಲಿಂದ ಸಿಹಿನೀರು ಹೊಂಡಕ್ಕೆ. ಕಟ್ಟಕಡೆಗೆ ಬೆಟ್ಟದ ಕೆಳಗೆ ಪೇಟೆಯ ಸಂತೆಹೊಂಡಕ್ಕೆ. ಒಂದರ ಹೆಚ್ಚಳ ಮತ್ತೊಂದರ ಆದಾಯ. ಕೋಟೆಯ ನಕಾಶೆಯಲ್ಲಿ ಬಾಗಿಲುಗಳನ್ನು ಗುರುತಿಸುವಂತೆ ಈ ಇಳಿಜಾರನ್ನೂ ಒಂದು ನೀಲಿ ಗೆರೆಯಿಂದ ಗುರುತಿಸಿದರೆ ದುರ್ಗದ ನಿಜವಾದ ಬೀದಿ ಯಾವುದೆಂದು ತಿಳಿಯುವುದು. ಗುಡಿ, ಮಠ, ಅರಮನೆ ಎಲ್ಲವೂ ಆ ಗೆರೆಯಿಂದ ಬಹಳ ದೂರ ಹೋಗಿಲ್ಲ. ಮೇಲಿದ್ದವರು ನೀರನ್ನೆಲ್ಲ ತಾವೇ ಬಳಸಿ ಮುಗಿಸದೆ ಪೇಟೆಯವರೆಗೂ ಇಳಿಸಿದರಲ್ಲ, ಅದನ್ನು ನಾನು ಏಳು ಸುತ್ತಿನ ಗೋಡೆಗಿಂತ ದೊಡ್ಡ ಕೆಲಸವೆಂದು ಎಣಿಸುತ್ತೇನೆ.

ಅಕ್ಕ-ತಂಗಿ ಹೊಂಡದ ಹೆಸರಿಗೆ ಒಂದು ಕಥೆಯುಂಟು. 1779ರಲ್ಲಿ ದುರ್ಗವು ಹೈದರಾಲಿಯ ವಶವಾಗಿ ಕಡೆಯ ಮದಕರಿ ನಾಯಕನು ಸೆರೆಯಾದಾಗ ಅವನ ಇಬ್ಬರು ಅರಸಿಯರು ಇಲ್ಲಿ ಬಿದ್ದು ಪ್ರಾಣ ಬಿಟ್ಟರೆಂದು ಜನ ಹೇಳುವರು. ಓಬವ್ವನ ಕಥೆಯೂ ನೀರಿನದೇ. ಗಂಡ ಊಟಕ್ಕೆ ಕುಳಿತಿದ್ದಾಗ ಅವನಿಗೆ ಕುಡಿಯುವ ನೀರು ತರಲು ಹೋದುದರಿಂದಲೇ ಅವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಕಂಡಳು. ಕೈಗೆ ಸಿಕ್ಕ ಒನಕೆಯಿಂದ ಬಡಿದಳು. ಇಂದಿಗೂ ಒನಕೆ ಕಿಂಡಿಯನ್ನು ನೋಡಿದವರು ಹತ್ತಿರದ ತಣ್ಣೀರು ದೋಣಿಯನ್ನು ನೋಡದೆ ಹಿಂದಿರುಗುವುದುಂಟು. ಬಂಡೆಯ ಸಂದಿನಲ್ಲಿ ತಂಪಾಗಿ ನಿಂತಿರುವ ಆ ನೀರನ್ನು ಕಂಡಲ್ಲದೆ ಕಥೆ ಪೂರ್ತಿಯಾಗುವುದಿಲ್ಲ. ಕಾವಲಿಲ್ಲದ ಕಿಂಡಿಯನ್ನು ಕಾಯ್ದುದು ಮನೆಗೆ ನೀರು ಹೊರುವ ಹೆಣ್ಣುಮಗಳು. ನಮ್ಮ ಹಳ್ಳಿಗಳಲ್ಲಿ ಊರಿನ ಮೂಲೆಮೂಲೆ ಯಾರಿಗೆ ಗೊತ್ತೆಂದು ಕೇಳಿದರೆ ಈಗಲೂ ಉತ್ತರ ಅದೇ.

ಬೆಟ್ಟವಿಳಿದು ಪಶ್ಚಿಮಕ್ಕೆ ಹೋದರೆ ಚಂದ್ರವಳ್ಳಿ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಅದಕ್ಕೂ ಮೊದಲೇ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅಗೆದು ನೋಡಿದ್ದರು. ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ಸಿಕ್ಕಿದ ನೆಲವಿದು. ಪಾಳೆಯಗಾರರಿಗೆ ಸಾವಿರದ ಐನೂರು ವರ್ಷ ಹಿಂದೆಯೇ ಇಲ್ಲಿ ಊರಿತ್ತು ಎಂದಂತಾಯಿತು. ಬಂಡೆಯ ಮೇಲೆ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಈ ಶಾಸನದಲ್ಲಿ ಅವನು ಗೆದ್ದ ನಾಡುಗಳ ಹೆಸರು ಬರುವುದು. ಆದರೆ ಶಾಸನ ಹುಟ್ಟಿದುದು ಯಾವುದಕ್ಕಾಗಿ? ಅವನು ಮಾಡಿಸಿದ ಕೆರೆಯ ಕೆಲಸವನ್ನು ಹೇಳುವುದಕ್ಕಾಗಿ. ಈ ಬೆಟ್ಟಗಳ ನಡುವೆ ಅರಸನೊಬ್ಬನು ತನ್ನ ಹೆಸರನ್ನು ಬಂಡೆಯ ಮೇಲೆ ಬರೆಸಿದುದು ನೀರಿನ ನೆಪದಿಂದ.

ಇನ್ನು ನಮ್ಮ ಕಡೆಗೆ ಬರೋಣ. ಜಪಾನಿನ ಹಾಗಿ ಎಂಬ ಪಟ್ಟಣದ ಕೋಟೆಯನ್ನು 1874ರಲ್ಲಿ ಕೆಡವಿಹಾಕಿದರು. ಆದರೆ ಬೀದಿಗಳ ಕಟ್ಟು ಕೆಡಲಿಲ್ಲವಾದ್ದರಿಂದ ಇಂದಿಗೂ ಅಲ್ಲಿ ಹಳೆಯ ನಕಾಶೆಯನ್ನು ಹಿಡಿದು ನಡೆದಾಡಬಹುದಂತೆ. 2015ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಕೋಟೆ ಹೋದಮಾತ್ರಕ್ಕೆ ಕೋಟೆಯ ಊರು ಹೋಗುವುದಿಲ್ಲ. ಹರಪನಹಳ್ಳಿಯದೂ ಇದೇ ಮಾತು. ವಿಜಯನಗರ ಬಿದ್ದ ಮೇಲೆ ದಾದಯ್ಯ ನಾಯಕನು ಕಟ್ಟಿದ ಪಾಳೆಯಪಟ್ಟು ಅದು. 1786ರಲ್ಲಿ ಟಿಪ್ಪುವಿನ ವಶವಾಯಿತು. ಕೋಟೆ ಇಂದು ಪಾಳುಬಿದ್ದಿದೆ. ಆದರೆ ಊರಿನ ಮಗ್ಗುಲಲ್ಲಿ ಹಿರೇಕೆರೆಯಿದೆ, ಅಯ್ಯನಕೆರೆಯಿದೆ. ಗೋಡೆಯ ಕಲ್ಲನ್ನು ಕಿತ್ತು ಮನೆ ಕಟ್ಟಿಕೊಳ್ಳಬಹುದು. ಕೆರೆಯ ಏರಿಯನ್ನು ಹಾಗೆ ಹೊತ್ತುಕೊಂಡು ಹೋಗಲಾಗದು. ಅದನ್ನು ಒತ್ತುವರಿ ಮಾಡಿ ಮುಗಿಸಬಹುದು, ಅಷ್ಟೆ. ಈಗ ಎಲ್ಲೆಲ್ಲಿಯೂ ನಡೆದಿರುವುದು ಅದೇ. ಜಿಲ್ಲೆಯ ಹೆಸರಂತೂ ನಮ್ಮ ಕಣ್ಣೆದುರಿಗೇ ಬದಲಾಯಿತು: ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೆರೆಗಳು ಮಾತ್ರ ಇದ್ದಲ್ಲಿಯೇ ಇವೆ. ಕಾಲುವೆ, ತೂಬು, ಕೋಡಿಗಳ ಗುರುತು ಅಳಿಯುವ ಮೊದಲು ಅವುಗಳನ್ನು ಯಾರಾದರೂ ನಡೆದು ಬರೆದಿಡಬೇಕು. ಕಾಲೇಜಿನ ಹುಡುಗರಲ್ಲದೆ ಈ ಕೆಲಸಕ್ಕೆ ಬಿಡುವಿರುವವರು ಯಾರು?

ಮೊದಲು ಗುಡೇಕೋಟೆಯಿಂದ ಆರಂಭಿಸಬಹುದು. ಅಲ್ಲಿಯೂ ದುರ್ಗದಂತೆ ಬಂಡೆಯ ಗುಡ್ಡವೇ. ಸುತ್ತ ಕರಡಿಧಾಮವಿರುವುದರಿಂದ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹಗಲು ಹೊತ್ತಿನಲ್ಲಿ, ಗುಂಪಾಗಿ ಹೋಗತಕ್ಕದ್ದು. ಮಳೆಗಾಲದಲ್ಲಿ ಹೋದರೆ ಎಲ್ಲ ಗುಂಡಿಯಲ್ಲಿಯೂ ನೀರು ಕಾಣುವುದರಿಂದ ಏನೂ ತಿಳಿಯುವುದಿಲ್ಲ. ಕಡುಬೇಸಗೆಯಲ್ಲಿ, ಯುಗಾದಿಯಾದ ಮೇಲೆ ಹೋಗಬೇಕು. ಆಗಲೂ ಬತ್ತದ ಹೊಂಡ ಯಾವುದೆಂದು ನೋಡಿ ಅದರ ಸುತ್ತ ಹಳೆಯ ಮನೆಗಳ ತಳಪಾಯಕ್ಕಾಗಿ ಹುಡುಕಬೇಕು. ಕುಡಿಯುವ ನೀರನ್ನು ಮಾತ್ರ ಕೆಳಗಿನಿಂದಲೇ ಹೊತ್ತುಕೊಂಡು ಹೋಗುವುದು ಕ್ಷೇಮ.